ಹಗುರ ಕ್ಯಾಮೆರಾ ತಗೊಂಡಾಯ್ತು, ಮನೇಲಿ ಮಾತ್ರ ಫೋಟೋ ಮಸುಕು ಯಾಕೆ?

ಪ್ರಶ್ನೆ: ಸರ್, ನಾವಿರೋದು ಮುಂಬೈ ಹತ್ರದ ಡೊಂಬಿವಲಿಲಿ, ವನ್ ಬಿಎಚ್‌ಕೆ ಮನೆ. ಹೆಂಡತಿ, ಎಂಟು ವರ್ಷದ ಮಗಳು, ಮೂರು ವರ್ಷದ ಮಗ, ಜೊತೆಗೆ ಅಮ್ಮ. ಮೊದ್ಲು ನಿಕಾನ್ ಡಿ7000 ಇತ್ತು, ಭಾರ ಅಂತ ಕಪಾಟಿಂದ ಹೊರಗೆ ಬರ್ತಿದ್ದಿದ್ದೇ ಅಪರೂಪ. ಈಗ ಕ್ಯಾನನ್ ಆರ್50 ತಗೊಂಡಿದೀನಿ, ಅದ್ರ ಜೊತೆ ಬಂದ 18-45 ಲೆನ್ಸ್ ಒಂದೇ ಇದೆ. ಹೊರಗಡೆ ಫೋಟೋ ಸೂಪರ್ ಆಗಿ ಬರುತ್ತೆ, ಆದ್ರೆ ಮನೆಯೊಳಗೆ ಮಕ್ಕಳದ್ದು ತೆಗೆದ್ರೆ ಎಲ್ಲ ಮಸುಕು. "ಇಷ್ಟು ದುಡ್ಡು ಕೊಟ್ಟು ತಂದ್ರಿ, ನನ್ನ ಫೋನೇ ವಾಸಿ" ಅಂತ ಹೆಂಡತಿ ನಗ್ತಾಳೆ. ಆಫೀಸಲ್ಲಿ ಎಲ್ರೂ 50 ಎಂಎಂ ಲೆನ್ಸ್ ತಗೋ ಅಂತಿದಾರೆ. ತಗೊಳ್ಲಾ? ಮಳೆಗಾಲದಲ್ಲಿ ಇದನ್ನ ಹೇಗೆ ಇಟ್ಕೊಳ್ಳೋದು?

ಉತ್ತರ:

ಲೆನ್ಸ್ ಸದ್ಯಕ್ಕೆ ಬೇಡ ಸರ್. ಯಾವ ಲೆನ್ಸ್, ಯಾವಾಗ ಅಂತ ಆಮೇಲೆ ಹೇಳ್ತೀನಿ, ಮೊದ್ಲು ನಿಮ್ಮ ಮನೆಯವರ ಮಾತು ಯಾಕೆ ನಿಜ ಅಂತ ನೋಡೋಣ, ಯಾಕಂದ್ರೆ ಅವ್ರು ಹೇಳ್ತಿರೋದು ಸರೀನೇ ಇದೆ, ಟ್ಯೂಬ್‌ಲೈಟ್ ಕೆಳಗೆ ನಿಮ್ಮ ಕ್ಯಾಮೆರಾಕ್ಕಿಂತ ಅವರ ಫೋನ್ ಚೆನ್ನಾಗೇ ತೆಗೆಯುತ್ತೆ.

ಕಾರಣ ಇಷ್ಟೇ. ಫೋನಿನ ಮುಖ್ಯ ಲೆನ್ಸ್ ಸಾಮಾನ್ಯವಾಗಿ ಎಫ್ 1.8ರ ಆಸುಪಾಸಲ್ಲಿರುತ್ತೆ (ಈ ನಂಬರ್ ಸಣ್ಣದಾದಷ್ಟೂ ಬೆಳಕು ಜಾಸ್ತಿ), ಬೆಳಕನ್ನ ಧಾರಾಳವಾಗಿ ಒಳಗೆ ಬಿಡುತ್ತೆ, ಅದೂ ಸಾಲದು ಅಂತ ಒಂದೇ ಸಲ ಒತ್ತಿದ್ರೂ ಒಳಗೊಳಗೇ ಹಲವಾರು ಫ್ರೇಮ್ ತೆಗೆದು ಎಲ್ಲ ಸೇರಿಸಿ ಒಂದು ಫೋಟೋ ಮಾಡಿ ಕೊಡುತ್ತೆ. ನಿಮ್ಮ ಕ್ಯಾಮೆರಾ ಪಾಪ ಒಂದು ಫ್ರೇಮ್ ತೆಗೆದು ಸುಮ್ನಾಗುತ್ತೆ. ಸೆನ್ಸರ್ ಏನೋ ಫೋನಿಗಿಂತ ಎಷ್ಟೋ ದೊಡ್ಡದು, ಆದ್ರೆ ಅದ್ರ ಮುಂದಿರೋ 18-45 ಲೆನ್ಸ್ 18ರಲ್ಲಿ ಎಫ್ 4.5, 45ಕ್ಕೆ ಜೂಮ್ ಮಾಡಿದ್ರೆ ಎಫ್ 6.3. ಅಂದ್ರೆ ಜೂಮ್ ಮಾಡ್ತಿದ್ದ ಹಾಗೇ ಒಳಗೆ ಬರೋ ಬೆಳಕು ಅರ್ಧ ಆಯ್ತು. ನೀವು ಸೋಫಾ ಮೇಲೆ ಕೂತು ಆ ಕಡೆ ಓಡಾಡ್ತಿರೋ ಮಗನ್ನ ಪೂರ್ತಿ ಜೂಮ್ ಮಾಡಿ ತೆಗೀತಿದೀರಿ, ಅಲ್ವಾ? ಅಲ್ಲೇ ಎಡವಟ್ಟು. ಕ್ಯಾಮೆರಾ ಬೆಳಕು ಸಾಲ್ತಿಲ್ಲ ಅಂತ ಶಟರ್‌ನ 1/30ಕ್ಕೋ 1/40 ಸೆಕೆಂಡಿಗೋ ಇಳಿಸುತ್ತೆ, ಅಂದ್ರೆ ಶಟರ್ ಜಾಸ್ತಿ ಹೊತ್ತು ತೆರೆದಿರುತ್ತೆ, ಲೆನ್ಸಲ್ಲಿ ಸ್ಟೆಬಿಲೈಸರ್ ಇದೆ ನಿಜ, ಅದು ನಿಮ್ಮ ಕೈ ನಡುಗೋದನ್ನ ತಡೆಯುತ್ತೆ, ಮಗ ಕುಣಿಯೋದನ್ನ ತಡೆಯಲ್ಲ. ಹಿಂದಿನ ಗೋಡೆ, ಕ್ಯಾಲೆಂಡರ್ ಎಲ್ಲ ಸ್ಪಷ್ಟ ಇದ್ದು ಮಗು ಮಾತ್ರ ಮಸುಕು ಇದ್ರೆ ಹೆಚ್ಚಾಗಿ ಇದೇ ಕಾರಣ.

ಹಂಗಾಗಿ ಮನೆಯೊಳಗೆ ಜೂಮನ್ನ 18ರಿಂದ 24ರ ಒಳಗೇ ಇಟ್ಕೊಳ್ಳಿ, ಬೇಕಾದ್ರೆ ನೀವೇ ಎದ್ದು ಹತ್ರ ಹೋಗಿ. ತೀರಾ ಮುಖದ ಹತ್ರ ಹೋಗ್ಬೇಡಿ, 18ರಲ್ಲಿ ಎರಡಡಿ ದೂರದಿಂದ ತೆಗೆದ್ರೆ ಮೂಗು ದಪ್ಪ ಕಾಣುತ್ತೆ, ಅಮ್ಮನಿಗೆ ಕೋಪ ಬರುತ್ತೆ.

ಇನ್ನು ಸೆಟ್ಟಿಂಗ್. ಮೇಲಿನ ಡಯಲ್ ತಿರುಗಿಸಿ ಟಿವಿ (Tv) ಮೋಡಿಗೆ ತನ್ನಿ, ಶಟರ್ ಸ್ಪೀಡ್ ನೀವು ಹೇಳೋದು, ಉಳಿದಿದ್ದನ್ನ ಕ್ಯಾಮೆರಾ ನೋಡ್ಕೊಳ್ಳೋದು, ಅದೇ ಆ ಮೋಡ್. ಐಎಸ್ಓ, ಅಂದ್ರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋದು, ಆಟೋ, ಅದ್ರ ಮಿತಿ 6400. ಶಟರ್ 1/100. ಯಾಕೆ ಸರಿಯಾಗಿ 1/100 ಅಂದ್ರೆ ನಮ್ಮ ದೇಶದ ಕರೆಂಟು 50 ಹರ್ಟ್ಸ್, ಹಂಗಾಗಿ ಚೋಕ್ ಇರೋ ಹಳೇ ಟ್ಯೂಬ್‌ಲೈಟು, ಅಗ್ಗದ ಎಲ್ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗ್ತವೆ, ಕಣ್ಣಿಗೆ ಕಾಣಲ್ಲ, ಕ್ಯಾಮೆರಾಕ್ಕೆ ಕಾಣುತ್ತೆ. 1/100 ಇಟ್ರೆ ಪ್ರತಿ ಫೋಟೋಗೂ ಒಂದು ಪೂರ್ತಿ ಮಿನುಗು ಸಿಗುತ್ತೆ, ಎಲ್ಲ ಒಂದೇ ಬೆಳಕಲ್ಲಿ ಬರ್ತವೆ. ಅದಕ್ಕಿಂತ ಫಾಸ್ಟ್ ಇಟ್ರೆ ಒಂದು ಫೋಟೋ ಸರಿ, ಮುಂದಿನದು ಕಪ್ಪು, ಅದ್ರ ಮುಂದಿನದು ಹಳದಿ, ಕ್ಯಾಮೆರಾನೇ ಕೆಟ್ಟಿದೆ ಅಂತ ಅಂಗಡಿಗೆ ಓಡೋರಿದಾರೆ. ನಿಮ್ಮ ಮನೆ ಲೈಟ್ ಹೆಂಗಿದೆ ಅಂತ ತಿಳ್ಕೊಳ್ಳೋದು ಸುಲಭ, ಖಾಲಿ ಗೋಡೆಗೆ ಹಿಡಿದು 1/250ರಲ್ಲಿ ಹತ್ತು ಫೋಟೋ ಹೊಡೀರಿ, ಹತ್ತೂ ಒಂದೇ ಥರ ಇದ್ರೆ ನಿಮ್ಮ ಬಲ್ಬ್ ಒಳ್ಳೇದು, ಆಗ ಮಗನಿಗೆ 1/200, 1/250 ಆರಾಮಾಗಿ ಇಡಬಹುದು. ಇಲ್ಲಾಂದ್ರೆ 1/100ರಲ್ಲೇ ಇದ್ದು ಅವ್ನು ಒಂದು ಕ್ಷಣ ನಿಲ್ಲೋದನ್ನ ಕಾಯ್ಬೇಕು. ಮಕ್ಕಳು ಕುಣಿತದ ಮಧ್ಯ ಮಧ್ಯ ನಿಂತೇ ನಿಲ್ತಾರೆ, ಜಿಗಿದ್ರೆ ಮೇಲೆ ಹೋದ ತುದಿಯಲ್ಲಿ, ನಕ್ಕಾಗ ಉಸಿರು ತಗೊಳ್ಳೋವಾಗ, ಆಗ ಒತ್ತಿ.

ಐಎಸ್ಓ 6400 ಅಂದ್ರೆ ಕಾಳು ಕಾಳು ಬರಲ್ವಾ ಅಂತ ಕೇಳ್ತೀರಿ. ಬರುತ್ತೆ, ಬರ್ಲಿ ಬಿಡಿ. ಸಣ್ಣ ಪ್ರಿಂಟಲ್ಲಿ ಆ ಕಾಳು ಕಣ್ಣಿಗೆ ಬೀಳೋದೇ ಕಮ್ಮಿ, ಶೇಕ್ ಆಗಿದ್ದು ಮಾತ್ರ ಎಷ್ಟು ಸಣ್ಣ ಪ್ರಿಂಟಲ್ಲೂ ಕಾಣುತ್ತೆ.

ಸದ್ದು ಬರದ ಎಲೆಕ್ಟ್ರಾನಿಕ್ ಶಟರ್ ಇದೆ ಅಂತ ಮನೇಲಿ ಅದನ್ನ ಹಾಕ್ಬೇಡಿ, ಲೈಟಿನ ಕೆಳಗೆ ಅಡ್ಡಡ್ಡ ಪಟ್ಟೆ ಬರ್ತವೆ. ಮಗಳದ್ದು ಡ್ಯಾನ್ಸು ಗೀನ್ಸು ಇದ್ದು ಮಾಟುಂಗಾದ ಮೈಸೂರು ಅಸೋಸಿಯೇಷನ್ ಹಾಲಿನಂಥ ಕಡೆ ಸ್ಟೇಜ್ ಹತ್ತಿದ್ರೂ ಇದೇ ಮಾತು, ಸ್ಟೇಜ್ ಲೈಟು ಈಗ ಹೆಚ್ಚಾಗಿ ಎಲ್ಇಡಿನೇ. ಸದ್ದು ಬಂದ್ರೆ ಬರ್ಲಿ, ಮುಂದಿನ ಸಾಲಲ್ಲಿ ಜಾಗ ಹಿಡೀರಿ, ಈ ಲೆನ್ಸ್ ದೂರಕ್ಕೆ ಎಟುಕಲ್ಲ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಬೆಳಕು. ಡೊಂಬಿವಲಿ, ಥಾಣೆ, ಮುಲುಂಡ್ ಎಲ್ಲ ಕಡೆ ಫ್ಲಾಟುಗಳು ಹೆಚ್ಚು ಕಮ್ಮಿ ಒಂದೇ ಥರ, ಹಾಲಿಗೆ ಒಂದು ದೊಡ್ಡ ಕಿಟಕಿ, ಅದಕ್ಕೆ ಹೊರಗೆ ಚಾಚಿದ ಕಬ್ಬಿಣದ ಗ್ರಿಲ್, ಗ್ರಿಲ್ ಒಳಗೆ ತುಳಸಿ ಕುಂಡ, ಒಣಗೋಕೆ ಹಾಕಿದ ಬಟ್ಟೆ, ಎಲ್ಲೋ ಮೂಲೇಲಿ ಹಳೇ ಬಕೆಟ್ಟು. ಇದೇ ನಿಮ್ಮ ಸ್ಟುಡಿಯೋ. ನೇರ ಬಿಸಿಲು ಬೀಳದ ಹೊತ್ತಲ್ಲಿ ಆ ಕಿಟಕಿ ಪಕ್ಕ ಮಗಳನ್ನ ಹೋಂವರ್ಕಿಗೆ ಕೂರಿಸಿ, ಕಿಟಕಿ ಅವಳ ಎಡಕ್ಕೋ ಬಲಕ್ಕೋ ಇರ್ಲಿ, ಬೆನ್ನಿಗೆ ಬೇಡ. ಮನೆ ಟ್ಯೂಬ್‌ಲೈಟ್ ಆಫ್ ಮಾಡಿ. ಇದನ್ನ ಯಾರೂ ಮಾಡಲ್ಲ, ಕತ್ಲೆ ಆಗುತ್ತೆ ಅಂತ ಭಯ, ಆದ್ರೆ ಎರಡು ಬಣ್ಣದ ಬೆಳಕು ಮುಖದ ಮೇಲೆ ಬಿದ್ರೆ ಒಂದು ಕೆನ್ನೆ ನೀಲಿ, ಇನ್ನೊಂದು ಹಸಿರು, ಎಡಿಟಿಂಗಲ್ಲಿ ಸರಿ ಮಾಡೋದು ಕಷ್ಟ. ಆಫ್ ಮಾಡಿ ನೋಡಿ, ಕಿಟಕಿ ಕಡೆ ಕೆನ್ನೆ ಬೆಳಗಿ ಆ ಕಡೆ ಕೆನ್ನೆಗೆ ಮೆಲ್ಲಗೆ ನೆರಳು ಹತ್ತುತ್ತೆ, ರೆಪ್ಪೆ ಒಂದೊಂದೂ ಬೇರೆ ಬೇರೆ ಕಾಣುತ್ತೆ, ಕಣ್ಣೊಳಗೆ ಗ್ರಿಲ್ಲಿನ ಚೌಕ ಚೌಕ ಸಣ್ಣದಾಗಿ ಮಿಂಚುತ್ತೆ. ನೆರಳು ಜಾಸ್ತಿ ಅನ್ಸಿದ್ರೆ ಆ ಕಡೆ ಒಂದು ಬಿಳಿ ಬೆಡ್‌ಶೀಟ್ ಕುರ್ಚಿ ಮೇಲೆ ಹಾಕಿ, ಸಾಕು.

ಕಿಟಕಿ ಪಶ್ಚಿಮಕ್ಕಿದ್ರೆ ನಾಲ್ಕು ಗಂಟೆ ಮೇಲೆ ನೇರ ಬಿಸಿಲು ಬಂದು ಗ್ರಿಲ್ಲಿನ ನೆರಳು ಮುಖದ ಮೇಲೆ ಕಂಬಿ ಕಂಬಿ ಬೀಳುತ್ತೆ, ಒಂದೆರಡು ಫೋಟೋಗೆ ಅದೂ ಮಜಾ ಇರುತ್ತೆ, ಬೇಡ ಅಂದ್ರೆ ತೆಳು ಬಿಳಿ ಕರ್ಟನ್ ಎಳೀರಿ. ಮಳೆಗಾಲದಲ್ಲಿ ದಿನವಿಡೀ ಮೋಡ ಇರುತ್ತಲ್ಲ, ಆಗ ಕಿಟಕಿ ಬೆಳಕು ಬೆಳಗಿಂದ ಸಂಜೆ ತನಕ ಮೆದುವಾಗೇ ಇರುತ್ತೆ. ಮುಂಬೈ ಮಳೆಗೆ ಎಲ್ರೂ ಬಯ್ತಾರೆ, ಮನೆಯೊಳಗೆ ಫೋಟೋ ತೆಗೆಯೋರಿಗೆ ನನ್ನ ಪ್ರಕಾರ ಅದೇ ಸೀಸನ್.

ಕ್ಯಾಮೆರಾದಲ್ಲೇ ಫ್ಲ್ಯಾಶ್ ಇದೆ, ಮನೇಲಿ ಮರ್ತುಬಿಡಿ. ಮಧ್ಯಾಹ್ನದ ಬಿಸಿಲಲ್ಲಿ ಕಣ್ಣಿನ ಕೆಳಗೆ ನೆರಳು ಬಿದ್ದಾಗ ಬೇಕಾದ್ರೆ ಹಾಕಿ. ದೇವರ ಮನೇಲಿ ಅಮ್ಮ ದೀಪ ಹಚ್ಚೋವಾಗಂತೂ ಮುಟ್ಲೇಬೇಡಿ, ಬದಲಿಗೆ ಎಕ್ಸ್‌ಪೋಷರ್ (ಫೋಟೋ ಎಷ್ಟು ಬೆಳ್ಳಗೆ ಬರ್ಬೇಕು ಅನ್ನೋದು) ಮೈನಸ್ 1ಕ್ಕೆ ಇಳಿಸಿ, ಜ್ವಾಲೆ ಬರೀ ಬಿಳಿ ಚುಕ್ಕೆ ಆಗದೆ ಹಳದಿಯಾಗೇ ಉಳಿಯುತ್ತೆ, ಅಮ್ಮನ ಮುಖಕ್ಕೆ ಆ ಬೆಳಕಷ್ಟೇ ಬೀಳುತ್ತೆ.

ಇನ್ನೊಂದು ಮಾತು, ಸ್ವಲ್ಪ ಬೈದ ಹಾಗೆ ಅನ್ಸಿದ್ರೂ ಪರವಾಗಿಲ್ಲ. ಡಿ7000 ಬಾಡಿ ಬ್ಯಾಟರಿ ಸೇರಿ 780 ಗ್ರಾಂ, ಅದಕ್ಕೆ 18-105 ಲೆನ್ಸ್ ಹಾಕಿದ್ರೆ 1.2 ಕೆಜಿ. ಈಗಿನದು ಬ್ಯಾಟರಿ, ಕಾರ್ಡ್ ಸೇರಿ 375 ಗ್ರಾಂ, ಲೆನ್ಸ್ 130, ಒಟ್ಟು ಅರ್ಧ ಕೆಜಿ. ಇಷ್ಟು ಹಗುರದ್ದು ತಗೊಂಡು ಆಮೇಲೆ ಏನ್ಮಾಡ್ತಾರೆ ಜನ, ಅದಕ್ಕೊಂದು ದೊಡ್ಡ ಬ್ಯಾಗು, ಬ್ಯಾಗಲ್ಲಿ ಇನ್ನೆರಡು ಲೆನ್ಸು, ಟ್ರೈಪಾಡು, ಕ್ಲೀನಿಂಗ್ ಕಿಟ್ಟು, ಬ್ಯಾಗ್ ಮತ್ತೆ ಕಪಾಟಿನ ಮೇಲ್ಗಡೆ. ಹಗುರದ ಲಾಭ ತೂಕದ ಕಾಟಾ ಮೇಲಲ್ಲ, ಕೈಗೆ ಎಷ್ಟು ಬೇಗ ಸಿಗುತ್ತೆ ಅನ್ನೋದ್ರಲ್ಲಿ. ಫ್ರಿಜ್ ಪಕ್ಕದ ಶೆಲ್ಫಲ್ಲೋ ಎಲ್ಲೋ, ಮಗನಿಗೆ ಎಟುಕದ, ನಿಮಗೆ ಎರಡು ಹೆಜ್ಜೆಲಿ ಸಿಗೋ ಜಾಗ ನೋಡಿ, ಲೆನ್ಸ್ ಕ್ಯಾಪ್ ತೆಗೆದು, ಬ್ಯಾಟರಿ ಚಾರ್ಜ್ ಮಾಡಿ, ಕಾರ್ಡ್ ಒಳಗೇ ಇಟ್ಟು, ಟಿವಿ ಮೋಡಲ್ಲೇ ಇಡಿ. ಎತ್ತು, ಆನ್ ಮಾಡು, ಒತ್ತು, ಮೂರೇ ಕೆಲ್ಸ. ದಪ್ಪ ಕತ್ತಿನ ಪಟ್ಟಿ ತೆಗೆದು ಮಣಿಕಟ್ಟಿಗೆ ಹಾಕೋ ಸಣ್ಣ ಪಟ್ಟಿ ಹಾಕ್ಕೊಳ್ಳಿ, ಮನೇಲಿ ಅದೇ ಅನುಕೂಲ. ಇನ್ನೊಂದು ಬ್ಯಾಟರಿ ಮಾತ್ರ ತಗೊಂಡಿಡಿ, ಇದ್ರದ್ದು ಚಿಕ್ಕ ಬ್ಯಾಟರಿ, ಹೊರಗೆ ಹೋದ ದಿನ ಸಂಜೆಗೆ ಕೈಕೊಡುತ್ತೆ.

ಫೋಕಸ್ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ. ಸಬ್ಜೆಕ್ಟ್ ಜನ ಅಂತ ಆರಿಸಿ, ಕಣ್ಣು ಹುಡುಕೋದನ್ನ ಆನ್ ಮಾಡಿ, ಬಿಡದೆ ಫೋಕಸ್ ಮಾಡ್ತಾ ಇರೋ ಸರ್ವೋದಲ್ಲಿ ಇಡಿ, ಮಗ ಓಡಿದ ಕಡೆಗೆಲ್ಲ ಅದೇ ಕಣ್ಣು ಹಿಡ್ಕೊಂಡು ಹೋಗುತ್ತೆ, ಡಿ7000 ಕಾಲದ ಕಷ್ಟ ಈಗಿಲ್ಲ. ಎತ್ತರ ಮಾತ್ರ ನಿಮ್ಮ ಕೆಲಸ. ನಿಂತು ಮೇಲಿಂದ ತೆಗೆದ್ರೆ ಮೂರು ವರ್ಷದ ಮಗು ಬರೀ ತಲೆ, ಪುಟ್ಟ ಕಾಲು. ನೆಲಕ್ಕೆ ಕೂತ್ಕೊಳ್ಳಿ, ಬೇಕಾದ್ರೆ ಹೊಟ್ಟೆ ಮೇಲೆ ಮಲಗಿ, ಸ್ಕ್ರೀನ್ ಹೊರಗೆ ತಿರುಗಿಸಿದ್ರೆ ಅದೂ ಬೇಡ. ಒತ್ತಿ ಹಿಡಿದು ಮೆಷಿನ್‌ಗನ್ ಥರ ಹೊಡೆಯೋ ಅಭ್ಯಾಸ ಬಿಡಿ, ಇದು ಸೆಕೆಂಡಿಗೆ 12 ತನಕ ತೆಗೆಯುತ್ತೆ, ರಾತ್ರಿ ಕೂತು ಒಂದೇ ಥರದ ಇನ್ನೂರು ಮೂತಿ ನೋಡಿ ಡಿಲೀಟ್ ಮಾಡೋ ಶಿಕ್ಷೆ ಯಾರಿಗೆ ಬೇಕು.

ಅಮ್ಮನ ವಿಷಯ. ನಮ್ಮ ಹಿರಿಯರದ್ದು ಒಂದೇ ಪಾಠ, "ನನ್ನದೇನೋ ಫೋಟೋ, ಮಕ್ಕಳದ್ದು ತೆಗಿ". ಬಲವಂತ ಮಾಡಿದ್ರೆ ಪಾಸ್‌ಪೋರ್ಟ್ ಫೋಟೋ ಮುಖ ಮಾಡ್ಕೊಂಡು ನಿಲ್ತಾರೆ. ಅವ್ರು ಕೆಲ್ಸದಲ್ಲಿದ್ದಾಗ ತೆಗೀರಿ, ಹೂ ಕಟ್ಟೋವಾಗ, ಕಾಯಿ ತುರಿಯೋವಾಗ, ಮೊಮ್ಮಗಳ ಜಡೆ ಹೆಣೆಯೋವಾಗ, ಮೊದ್ಲು ಬರೀ ಕೈ ತೆಗೀರಿ, ತೆಗೆದಿದ್ದನ್ನ ಆಗಲೇ ತೋರಿಸಿ. ಎರಡನೇ ದಿನಕ್ಕೆ ಅವ್ರೇ ಸೆರಗು ಸರಿ ಮಾಡ್ಕೊಂಡು "ಹ್ಞೂಂ ತೆಗಿ" ಅಂತಾರೆ ನೋಡಿ.

ಹಾಂ, ಮನೇಲಿ ಫೋಟೋ ತೆಗೆಯೋ ಅಪ್ಪ ಯಾವ ಫೋಟೋದಲ್ಲೂ ಇರಲ್ಲ. ಅರ್ಧ ಕೆಜಿ ಕ್ಯಾಮೆರಾದ ನಿಜವಾದ ಉಪಯೋಗ ಇಲ್ಲಿದೆ, ಎಂಟು ವರ್ಷದ ಮಗಳು ಇದನ್ನ ಸಲೀಸಾಗಿ ಹಿಡೀತಾಳೆ, ಡಿ7000 ಆಗಿದ್ರೆ ಕೈಗೆ ಕೊಡೋ ಧೈರ್ಯ ನಿಮಗೇ ಬರ್ತಿರ್ಲಿಲ್ಲ. ಡಯಲನ್ನ ಹಸಿರು ಆಟೋಗೆ ತಿರುಗಿಸಿ, ಪಟ್ಟಿ ಕೈಗೆ ಹಾಕಿ ಕೊಡಿ. ಮೊದಮೊದ್ಲು ಫ್ಯಾನು, ಚಪ್ಪಲಿ, ಬೆಕ್ಕು ಎಲ್ಲ ತೆಗೀತಾಳೆ, ಬಯ್ಬೇಡಿ. ಮಕ್ಕಳ ಎತ್ತರದಿಂದ ನಿಮ್ಮ ಮನೆ ಹೆಂಗೆ ಕಾಣುತ್ತೆ ಅಂತ ನಿಮಗೆ ಬೇರೆ ಯಾವ ರೀತಿಲೂ ಗೊತ್ತಾಗಲ್ಲ.

ಹೊರಗಡೆ ಚೆನ್ನಾಗಿ ಬರ್ತಿದೆ ಅಂದ್ರಿ, ಹಂಗಾಗಿ ಬೇಗ ಮುಗಿಸ್ತೀನಿ. ಮರೀನ್ ಡ್ರೈವ್, ಚೌಪಾಟಿ ಪಶ್ಚಿಮಕ್ಕೆ ಮುಖ, ಸಂಜೆ ಸಮುದ್ರದ ಕಡೆ ಬೆನ್ನು ಹಾಕಿ ನಿಲ್ಲಿಸಿದ್ರೆ ಮುಖ ಕಪ್ಪಾಗುತ್ತೆ, ಬದಲಿಗೆ ಅವ್ರು ಸೂರ್ಯನ ಕಡೆ ನೋಡ್ಲಿ, ನೀವು ಪಕ್ಕದಿಂದ ತೆಗೀರಿ. ಜೂನ್, ಜುಲೈಲಿ ಸೂರ್ಯ ಮುಳುಗೋದು ಏಳು ಗಂಟೆ ದಾಟಿದ ಮೇಲೆ, ಡಿಸೆಂಬರಲ್ಲಿ ಆರು ಗಂಟೆಗೇ, ಅದನ್ನ ನೋಡ್ಕೊಂಡು ಲೋಕಲ್ ಹಿಡೀರಿ. ಗೇಟ್‌ವೇ ಪೂರ್ವದ ಕಡೆ ಇರೋದ್ರಿಂದ ಅಲ್ಲಿಗೆ ಬೆಳಿಗ್ಗೆನೇ ಹೋಗ್ಬೇಕು, ಜನಾನೂ ಕಮ್ಮಿ. ಬೋರಿವಲಿ ನ್ಯಾಷನಲ್ ಪಾರ್ಕಲ್ಲಿ ದಟ್ಟ ಮರದ ಕೆಳಗೆ ನಿಲ್ಲಿಸಿದ್ರೆ ಮುಖಕ್ಕೆ ಎಲೆ ಹಸಿರು ಹತ್ತುತ್ತೆ, ನೆರಳಿನ ಅಂಚಿಗೆ ಬನ್ನಿ. ಮಾಟುಂಗಾಕ್ಕೆ ಇಡ್ಲಿ ತಿನ್ನೋಕೆ ಹೋದ್ರೆ ಬಾಗಿಲ ಹತ್ರದ ಟೇಬಲ್ ಸಿಗೋ ತನಕ ಕಾಯಿರಿ, ಬೆಳಕು ಹಿಂದಿಂದ ಬಿದ್ರೆ ಸಾಂಬಾರಿನ ಹಬೆ ಕೂಡ ಫೋಟೋದಲ್ಲಿ ಬರುತ್ತೆ. ಡೊಂಬಿವಲಿ ರಶ್ ನಿಮಗೆ ನಾನು ಹೇಳ್ಬೇಕಾ, ಟ್ರೇನಲ್ಲಿ ಬ್ಯಾಗ್ ಎದೆ ಮೇಲೆ, ಕ್ಯಾಮೆರಾ ಬ್ಯಾಗೊಳಗೆ.

ಈಗ ಲೆನ್ಸ್. ಆಫೀಸಿನವ್ರು ಹೇಳೋ 50 ಎಂಎಂ ಎಫ್ 1.8 ಒಳ್ಳೇ ಲೆನ್ಸೇ, 160 ಗ್ರಾಂ, ನಿಮ್ಮ ಈಗಿನ ಲೆನ್ಸ್ 45ರಲ್ಲಿ ಬಿಡೋದಕ್ಕಿಂತ ಸುಮಾರು 12 ಪಟ್ಟು ಬೆಳಕು ಬಿಡುತ್ತೆ. ಆದ್ರೆ ಈ ಕ್ಯಾಮೆರಾ ಸೆನ್ಸರ್ ಫುಲ್‌ಫ್ರೇಮ್ (ಹಳೇ ಫಿಲ್ಮ್ ರೀಲಿನ ಅಳತೆಯದ್ದು) ಅಲ್ಲ, ಅದಕ್ಕಿಂತ ಚಿಕ್ಕದು, ಲೆಕ್ಕ 1.6ರಿಂದ ಗುಣಿಸಿ, 50 ಹಾಕಿದ್ರೆ 80ರ ಥರ ಕಾಣುತ್ತೆ. ನಿಮ್ಮ ಹಾಲಲ್ಲಿ ಎರಡು ಮೀಟರ್ ದೂರ ನಿಂತ್ರೆ ಅದ್ರಲ್ಲಿ ಹಿಡಿಯೋದು ಅಡ್ಡ 90 ಸೆಂಟಿಮೀಟರ್, ಎತ್ತರ 60. ಒಂದು ಮಗುವಿನ ಮುಖ, ಭುಜ. ಇಬ್ಬರನ್ನ ಸೇರಿಸ್ಬೇಕು ಅಂದ್ರೆ ನೀವು ಗೋಡೆ ಒಡೆದು ಪಕ್ಕದ ಮನೆಗೆ ಹೋಗ್ಬೇಕು. 28 ಎಂಎಂ ಎಫ್ 2.8 ಅಂತ ಒಂದಿದೆ, ಬಿಸ್ಕೆಟ್ ಥರ ತೆಳು, 120 ಗ್ರಾಂ, ಅದೇ ಎರಡು ಮೀಟರಲ್ಲಿ ಒಂದೂವರೆ ಮೀಟರಿಗಿಂತ ಸ್ವಲ್ಪ ಜಾಸ್ತಿ ಅಗಲ ಹಿಡಿಯುತ್ತೆ, ಮುಂಬೈ ಫ್ಲಾಟಿಗೆ ಅದೇ ಸರಿ. ಸ್ಟೆಬಿಲೈಸರ್ ಇಲ್ಲ ಅದ್ರಲ್ಲಿ, ಮಕ್ಕಳನ್ನ 1/100ಕ್ಕೆ ತೆಗೆಯೋರಿಗೆ ಅದು ಬೇಕಾಗೂ ಇಲ್ಲ. ತಗೊಳ್ಳೋ ಮೊದ್ಲು ಈಗಿನ ಲೆನ್ಸನ್ನ 28ಕ್ಕೆ ತಿರುಗಿಸಿ ಒಂದು ತುಂಡು ಟೇಪ್ ಅಂಟಿಸಿ, ಒಂದು ವಾರ ಜೂಮ್ ಮುಟ್ಬೇಡಿ. ಇಕ್ಕಟ್ಟು ಅನ್ಸಿದ್ರೆ ದುಡ್ಡು ಉಳೀತು. ಸಿಎಸ್ಎಂಟಿ ಸ್ಟೇಷನ್ ಎದುರು ಫೋರ್ಟ್ ಕಡೆ ಕ್ಯಾಮೆರಾ ಅಂಗಡಿ ಸಾಲೇ ಇದೆ, ನಿಮ್ಮ ಬಾಡಿ ತಗೊಂಡು ಹೋಗಿ ಹಾಕಿ ನೋಡಿ. ನಿಕಾನ್ ಲೆನ್ಸ್ ಇದಕ್ಕೆ ಕೂರಲ್ಲ, ಅದನ್ನ ಡಿ7000 ಜೊತೆಗೇ ಅಲ್ಲೇ ಮಾರೋದಾದ್ರೆ ಮೊದ್ಲು ಲೆನ್ಸೊಳಗೆ ಟಾರ್ಚ್ ಬಿಟ್ಟು ನೋಡಿ, ಸಣ್ಣ ಬಿಳಿ ಎಳೆ ಎಳೆ ಕಂಡ್ರೆ ಫಂಗಸ್, ಬೆಲೆ ಬಿತ್ತು.

ಫಂಗಸ್ ಅಂದ ಮೇಲೆ ಮಳೆಗಾಲ. ಜೂನಿಂದ ಸೆಪ್ಟೆಂಬರ್ ತನಕ ಮೇಲೆ ಹೇಳಿದ ಶೆಲ್ಫ್ ರಾತ್ರಿ ಹೊತ್ತು ಬೇಡ. ರಬ್ಬರ್ ಅಂಚಿರೋ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರಿಸೋ ಸಣ್ಣ ಮೀಟರ್, 40ರಿಂದ 50 ಪರ್ಸೆಂಟ್ ಇದ್ರೆ ಸರಿ. ಬಣ್ಣ ಬದಲಾಗೋ ಜೆಲ್ ತಗೊಳ್ಳಿ, ಬದಲಾದ್ರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಬಟ್ಟೆ ಕಪಾಟಲ್ಲಿ, ಲೆದರ್ ಕೇಸಲ್ಲಿ ಇಡ್ಬೇಡಿ, ಫಂಗಸ್ಸಿಗೆ ಅದಕ್ಕಿಂತ ಒಳ್ಳೇ ಮನೆ ಇಲ್ಲ. ಎಲ್ಲಕ್ಕಿಂತ ಮುಖ್ಯ, ಬಳಸ್ತಾ ಇರಿ. ಎಸಿ ಲೋಕಲಿಂದ ಇಳಿದ ತಕ್ಷಣ ಕ್ಯಾಮೆರಾ ಹೊರಗೆ ತೆಗೆದ್ರೆ ಲೆನ್ಸ್ ಮೇಲೆ ಹಬೆ ಕೂರುತ್ತೆ, ಕಾಲು ಗಂಟೆ ಬ್ಯಾಗಲ್ಲೇ ಬಿಡಿ. ಇದು ವಾಟರ್‌ಪ್ರೂಫ್ ಅಲ್ಲ, ತುಂತುರು ಬಂದ್ರೂ ಕೊಡೆ ಕೆಳಗೆ ಬನ್ನಿ, ಸಮುದ್ರದ ಹತ್ರ ಹೋಗಿ ಬಂದ ರಾತ್ರಿ ಸ್ವಲ್ಪ ಒದ್ದೆ ಬಟ್ಟೇಲಿ ಬಾಡಿ ಒರೆಸಿ ಆಮೇಲೆ ಒಣ ಬಟ್ಟೆ, ಉಪ್ಪು ಉಳೀಬಾರ್ದು.

ಕೊನೇದಾಗಿ ಫೋಟೋಗಳ ಗತಿ. ಕ್ಯಾನನ್‌ದು ಕ್ಯಾಮೆರಾ ಕನೆಕ್ಟ್ ಅಂತ ಆಪ್ ಇದೆ, ಅದ್ರಿಂದ ಫೋನಿಗೆ ಎಳ್ಕೊಂಡು ಲೋಕಲಲ್ಲಿ ಸೀಟ್ ಸಿಕ್ಕ ದಿನ ಆರಿಸಿ, ವಾರಕ್ಕೆ ನಾಲ್ಕೈದು ಉಳಿಸಿದ್ರೆ ಸಾಕು. ಊರಿನವ್ರಿಗೆ ವಾಟ್ಸಾಪಲ್ಲಿ ಕಳ್ಸೋವಾಗ ಡಾಕ್ಯುಮೆಂಟ್ ಅಂತ ಕಳ್ಸಿ, ಇಲ್ಲಾಂದ್ರೆ ಹಿಂಡಿ ಹಿಪ್ಪೆ ಮಾಡುತ್ತೆ. ಒಂದು ಕಾಪಿ ಬೇರೆ ಹಾರ್ಡ್ ಡಿಸ್ಕಲ್ಲಿ ಇರ್ಲಿ. ತಿಂಗಳಿಗೊಂದು ಸಲ ಪ್ರಿಂಟ್ ಹಾಕಿಸಿ ಅಮ್ಮನ ಕೈಗೆ ಕೊಡಿ, ಅವ್ರು ಫೋನಲ್ಲಿ ಬೆರಳು ಸರಿಸಿ ನೋಡೋದು ಅಷ್ಟಕ್ಕಷ್ಟೇ. ಇಲ್ಲಿ ನಿಮ್ಮ ಕ್ಯಾಮೆರಾಕ್ಕೆ ಇನ್ನೊಂದು ಲಾಭ ಇದೆ, ಅದ್ರ ಫೋಟೋ 3:2 ಅಳತೆ, 4×6 ಪ್ರಿಂಟಿಗೆ ಸರಿಯಾಗಿ ಕೂರುತ್ತೆ. ಫೋನಿಂದು 4:3, ಅದೇ ಪ್ರಿಂಟ್ ಹಾಕಿಸಿದ್ರೆ ಮೇಲೆ ಕೆಳಗೆ ಕತ್ತರಿಸಿ ಎತ್ತರ ಇರೋರ ತಲೆ ಹಾರಿಸ್ತಾರೆ. ಸ್ಟುಡಿಯೋದವ್ರಿಗೆ ಕೊಡೋವಾಗ ಕಲರ್ ಕರೆಕ್ಷನ್ ಬೇಡ ಅಂತ ಬಾಯಿಬಿಟ್ಟು ಹೇಳಿ, ಇಲ್ಲಾಂದ್ರೆ ಎಲ್ರಿಗೂ ಪೌಡರ್ ಬಳಿದ ಹಾಗೆ ಬೆಳ್ಳಗೆ ಮಾಡಿ ಕೊಡ್ತಾರೆ.